ಕೊರಳಲ್ಲಿ ಸಯನೈಡ್, ಬಾಯಲ್ಲಿ ಸಮಾನತೆ

ಶ್ರೀಲಂಕಾದ ಎಲ್‌ಟಿಟಿಇ ಹೆಣ್ಣುಮಕ್ಕಳ ಕೈಗೆ ಬಂದೂಕು ಕೊಟ್ಟು ಸಮಾನತೆ ತಂದಿತು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ಧನು ಗಂಧದ ಹಾರ ಹಿಡಿದು ರಾಜೀವ್ ಗಾಂಧಿಯ ಕಾಲಿಗೆ ಬಾಗಿದಳಲ್ಲ, ಒಳಗೆ ಬಾಂಬು ಕಟ್ಟಿಕೊಂಡು? ಹಾರ ತಂದ ಹೆಣ್ಣನ್ನು ಯಾರು ತಡವಿ ನೋಡುತ್ತಾರೆ ಎಂಬ ಲೆಕ್ಕಾಚಾರ ಅದು. ಹೆಣ್ಣು ಅಬಲೆಯೆಂಬ ನಂಬಿಕೆಯನ್ನು ಅವರು ಅಳಿಸಲಿಲ್ಲ, ಬಳಸಿಕೊಂಡರು. ರಾಜೀವ್‌ಗೆ ಪದ್ಯ ಹೇಳಲು ಬಂದಿದ್ದ ಪುಟ್ಟ ಹುಡುಗಿಯೂ ತಾಯಿಯೊಂದಿಗೆ ಸತ್ತಳು. ಆಕೆ ಹೆಣ್ಣಲ್ಲವೇ? ಧನುವಿನ ಜೊತೆಗಾತಿ ಶುಭಾ ಆ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹೆಣವಾದಳು. ಮದುವೆ ಯಾವ ವಯಸ್ಸಿಗೆ ಎಂಬುದನ್ನೂ ಸಂಘಟನೆಯೇ ನಿಗದಿ ಮಾಡುತ್ತಿತ್ತು. 2009ರಲ್ಲಿ ಸಾಯುವ ತನಕ ಪ್ರಭಾಕರನ್ ಹೇಳಿದ್ದೇ ಕೊನೆಯ ಮಾತು. ಅಪ್ಪನ ಮನೆ ಬಿಟ್ಟು ಆ ಹುಡುಗಿಯರು ಹೋಗಿ ಸೇರಿದ್ದು ಎಲ್ಲಿಗೆ, ನೀವೇ ಹೇಳಿ.