ರಾಯಲ್ಟಿ ಫ್ರೀ ಅಂದ್ರೆ ಯಾರಿಗೆ ಫ್ರೀ?

ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಕೊಂಡು ಸಂಗೀತ ಮಾಡುವ ನಮ್ಮಂಥವರಿಗೆ ಸ್ಯಾಂಪಲ್ ಪ್ಯಾಕ್ ಅನ್ನೋದು ಕಿರಾಣಿ ಅಂಗಡಿ ಇದ್ದ ಹಾಗೆ. ನಮಗೆ ಡ್ರಮ್ ಬಾರಿಸೋಕೆ ಬರಲ್ಲ, ಬರುವವರನ್ನು ಕರೆಸಿದರೆ ಮನೆ ಓನರ್ ಬಿಡಲ್ಲ. ಹಾಗಾಗಿ ಯಾರೋ ಬಾರಿಸಿದ ಲೂಪ್ ಕೊಂಡು, ಕತ್ತರಿಸಿ ಅಂಟಿಸುತ್ತೇವೆ. ಅದರಲ್ಲಿ ತಪ್ಪಿಲ್ಲ. ಆ ಪ್ಯಾಕನ್ನು ನಾವು ಅಳೆಯುವ ರೀತಿಯ ಬಗ್ಗೆ ನನ್ನ ತಕರಾರು.

ಈಚೆಗೆ ಒಂದು ಫಂಕ್ ಪ್ಯಾಕ್ ಕೊಂಡೆ. ಹೆಸರು ಬೇಡ ಬಿಡಿ. 24 ಬಿಟ್ ಫೈಲುಗಳು, ಪ್ರತಿ ಲೂಪಿಗೂ ಬಿಪಿಎಂ ಬರೆದಿದೆ, ಬೇಸ್ ಗಿಟಾರಿಗೆ ಶ್ರುತಿಯೂ ನಮೂದಾಗಿದೆ. ರಿವ್ಯೂಗಳಲ್ಲಿ ಐದಕ್ಕೈದು ಸ್ಟಾರು. ಕೇಳಿದರೆ ಜೀವವೇ ಇಲ್ಲ! ಪ್ರತಿ ಪೆಟ್ಟನ್ನೂ ಎಳೆದು ಗ್ರಿಡ್ಡಿನ ಗೆರೆ ಮೇಲೆ ಕೂರಿಸಿಬಿಟ್ಟಿದ್ದಾರೆ. ಫಂಕ್‌ನ ಮಜಾ ಇರೋದೇ ಸ್ನೇರ್ ಮೇಲೆ ಕೇಳಿಯೂ ಕೇಳದ ಹಾಗೆ ಬೀಳುವ ಸಣ್ಣ ಪೆಟ್ಟುಗಳಲ್ಲಿ, ಘೋಸ್ಟ್ ನೋಟ್ ಅಂತಾರಲ್ಲ, ಅದರಲ್ಲಿ. ಆಮೇಲೆ ಗೆರೆಗಿಂತ ಒಂದು ಕೂದಲೆಳೆ ಹಿಂದೆ ಉಳಿಯುವ ಕೈಯಲ್ಲಿ. ಅದನ್ನೆಲ್ಲ ‘ಕ್ಲೀನ್’ ಮಾಡಿದರೆ ಉಳಿಯೋದು ಹೊಲಿಗೆ ಮಷೀನಿನ ಸದ್ದು.

ಇದನ್ನು ಬಾರಿಸಿದ ಪುಣ್ಯಾತ್ಮ ಯಾರು ಅಂತ ಫೋಲ್ಡರೆಲ್ಲ ಜಾಲಾಡಿದೆ. ಲೈಸೆನ್ಸ್ ಇತ್ತು, ಡ್ರಮ್ಮರ್ ಹೆಸರಿರಲಿಲ್ಲ.

ಇದು ಹಳೇ ಚಾಳಿ. ಜೇಮ್ಸ್ ಬ್ರೌನ್ 1970ರಲ್ಲಿ ಹೊರತಂದ ‘ಫಂಕಿ ಡ್ರಮ್ಮರ್’ ಹಾಡಿನ ಡ್ರಮ್ ತುಣುಕಿಲ್ಲದೆ ಹಿಪ್‌ಹಾಪ್ ಇತಿಹಾಸ ಬರೆಯೋಕಾಗಲ್ಲ. ಬಾರಿಸಿದವನು ಕ್ಲೈಡ್ ಸ್ಟಬಲ್‌ಫೀಲ್ಡ್, ಹಾಡಿನ ಹಕ್ಕು ಬ್ರೌನ್ ಹೆಸರಿಗೆ. ‘ಅಮೆನ್, ಬ್ರದರ್’ ಕಥೆ ಇನ್ನೂ ಕೆಟ್ಟದ್ದು. 1969ರಲ್ಲಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್‌ಮನ್ ಬಾರಿಸಿದ ನಾಲ್ಕೇ ಬಾರ್, ಸುಮಾರು ಏಳೇ ಸೆಕೆಂಡು. ಜಂಗಲ್, ಡ್ರಮ್ ಅಂಡ್ ಬೇಸ್ ಎಲ್ಲ ಅದರ ಮೇಲೇ ನಿಂತಿವೆ. ಕೋಲ್‌ಮನ್ 2006ರಲ್ಲಿ ಸತ್ತಾಗ ಅವನಿಗೆ ಮನೆಯೂ ಇರಲಿಲ್ಲ.

ಅಮೆರಿಕದ ಕಥೆ ಅಂತ ನಾನೂ ಓದಿ ಬಿಡಬಹುದಿತ್ತು. ಆದರೆ ನಾನು ದಾಂಡೇಲಿಯವನು. ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಇವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಪರಿಶಿಷ್ಟ ಪಂಗಡ ಅಂತ ಸರ್ಕಾರ ಒಪ್ಪಿಕೊಂಡಿದ್ದು 2003ರಲ್ಲಿ. ಅವರ ಡಮಾಮಿ ಈಗ ರೆಸಾರ್ಟಿನ ಕ್ಯಾಂಪ್‌ಫೈರ್ ಪಕ್ಕವೂ ನಡೆಯುತ್ತೆ.

ಈಗ ನನ್ನ ಬೆಂಗಳೂರು ಗೆಳೆಯನೊಬ್ಬನ ಪ್ಲಾನು ಕೇಳಿ. ವೀಕೆಂಡಿಗೆ ಕಾಳಿ ನದಿಯಲ್ಲಿ ರಾಫ್ಟಿಂಗ್, ರಾತ್ರಿ ಡಮಾಮಿ ರೆಕಾರ್ಡಿಂಗ್, ಸೋಮವಾರ ‘ಆಫ್ರೋ ಇಂಡಿಯನ್ ಫಂಕ್’ ಪ್ಯಾಕು, ರಾಯಲ್ಟಿ ಫ್ರೀ. “ಅವರಿಗೂ ಎಕ್ಸ್‌ಪೋಷರ್ ಸಿಗುತ್ತಲ್ಲೋ” ಅಂತಾನೆ. ಮಾರಾಯಾ, ಹೆಸರೇ ಹಾಕದೆ ಯಾವ ಎಕ್ಸ್‌ಪೋಷರ್? ನಿನ್ನ ಕಂಪನಿ ಸಂಬಳದ ಬದಲು ಎಕ್ಸ್‌ಪೋಷರ್ ಕೊಟ್ರೆ ಇಎಂಐ ಕಟ್ತೀಯಾ?

ಕೊಳ್ಳುವವನಿಗೆ ‘ರಾಯಲ್ಟಿ ಫ್ರೀ’ ಅನುಕೂಲ, ನಿಜ. ಹಾಡು ಹಿಟ್ ಆದಾಗ ಯಾರೂ ನೋಟಿಸ್ ಕಳಿಸಲ್ಲ. ಬಾರಿಸಿದವರಿಗೆ ಮೊದಲೇ ಸರಿಯಾಗಿ ದುಡ್ಡು ಕೊಟ್ಟಿದ್ದರೆ ಅದರ ಬಗ್ಗೆ ನನ್ನ ಜಗಳವೂ ಇಲ್ಲ. ಆದರೆ ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ಪ್ರದರ್ಶನ ವಾಣಿಜ್ಯ ಬಳಕೆಗೆ ಹೋದರೆ ಕಲಾವಿದರಿಗೂ ರಾಯಲ್ಟಿ ಅಂತ ಹೇಳುತ್ತೆ. ಡೋಲು ಬಾರಿಸುವವರೂ ಕಲಾವಿದರೇ, ಸ್ವಾಮಿ.

ಗೆಳೆಯನಿಗೆ ಮೂರು ಪ್ರಶ್ನೆ ಕಳಿಸಿದ್ದೇನೆ. ಬಾರಿಸುವವರಿಗೆ ಎಷ್ಟು ಕೊಡ್ತೀಯಾ, ಹೆಸರು ಎಲ್ಲಿ ಹಾಕ್ತೀಯಾ, ಈ ರೆಕಾರ್ಡಿಂಗ್ ಎಲ್ಲೆಲ್ಲಿ ಮಾರಾಟ ಆಗುತ್ತೆ ಅಂತ ಅವರಿಗೆ ತಿಳಿಯುವ ಮಾತಲ್ಲಿ ಹೇಳ್ತೀಯಾ. ನೀಲಿ ಟಿಕ್ ಬಿದ್ದು ನಾಲ್ಕು ದಿನ ಆಯ್ತು.