ಚಳಿಗಾಲದ ಮನೆಮದ್ದು: ಎಲ್ಲಿಯವರೆಗೆ?

ನಮ್ಮ ಮಲೆನಾಡಿನಲ್ಲಿ ಚಳಿಗಾಲ ಬಂತೆಂದು ಮೊದಲು ಹೇಳುವುದು ತೆಂಗಿನೆಣ್ಣೆಯ ಬಾಟಲಿ. ರಾತ್ರಿ ತಿಳಿಯಾಗಿದ್ದ ಎಣ್ಣೆ ಬೆಳಗಾಗುವಾಗ ಬೆಣ್ಣೆಯಂತೆ ಗಟ್ಟಿಯಾಗಿರುತ್ತದೆ. ಅದನ್ನು ಬಿಸಿಲಿಗಿಡುವುದು, ಬಚ್ಚಲೊಲೆಗೆ ಬೇಗ ಬೆಂಕಿ ಹಾಕುವುದು, ಪೆಟ್ಟಿಗೆಯ ತಳದಲ್ಲಿದ್ದ ಸ್ವೆಟರುಗಳನ್ನು ಹೊರತೆಗೆಯುವುದು, ಇವೆಲ್ಲ ಯಾರೂ ಹೇಳದೆಯೇ ನಡೆದುಬಿಡುತ್ತವೆ. ಇದರ ಹಿಂದೆಯೇ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಶೀತ, ಕೆಮ್ಮು. ಆಗ ಎಲ್ಲರೂ ನೋಡುವುದು ಅಡುಗೆಮನೆಯ ಕಡೆಗೆ, ಅಂದರೆ ನಮ್ಮ ಕಡೆಗೆ.

ಅಲ್ಲಾಹನು ನಮ್ಮ ಸುತ್ತಲೇ ಎಷ್ಟೊಂದು ಅನುಗ್ರಹಗಳನ್ನು ಇಟ್ಟಿದ್ದಾನೆ! ಹಿತ್ತಲಲ್ಲಿ ಶುಂಠಿ, ದೊಡ್ಡಪತ್ರೆ, ತುಳಸಿ. ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ಚಳಿಗಾಲಕ್ಕೆ ಸರಿಯಾಗಿ ಕಾಯಿ ಬಿಡುವ ನೆಲ್ಲಿ. ಜೇನಿನಲ್ಲಿ ಮನುಷ್ಯರಿಗೆ ಶಮನವಿದೆಯೆಂದು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯ ತಿಳಿಸುತ್ತದೆ. ಅದ್ದಹ್ರ್ ಅಧ್ಯಾಯದಲ್ಲಿ ಸ್ವರ್ಗವಾಸಿಗಳಿಗೆ ಸಿಗುವ ಪಾನೀಯದ ವರ್ಣನೆಯಲ್ಲಿ ಶುಂಠಿಯ ಹೆಸರು ಬಂದಿದೆ. ಕರಿಜೀರಿಗೆಯ, ಅಂದರೆ ನಾವು ಕಲೋಂಜಿ ಎನ್ನುವ ಕಾಳಿನ ಗುಣವನ್ನು ಪ್ರವಾದಿವರ್ಯರು(ಸ) ಹೇಳಿದ ಹದೀಸ್ ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ಆದ್ದರಿಂದ ಮನೆಮದ್ದನ್ನು ನಾನು ಹಗುರವಾಗಿ ಕಾಣುವವಳಲ್ಲ. ಆದರೆ ಈ ತಿಂಗಳು ಅದರ ಹೊಗಳಿಕೆಯ ಜೊತೆ ಅದರ ಗಡಿಯನ್ನೂ ಹೇಳಬೇಕಾಗಿದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ತಪ್ಪಿನಿಂದ.

ಒಂದು ಡಿಸೆಂಬರ್‌ನ ಪಾಠ

ನನ್ನ ಎರಡನೆಯ ಮಗನಿಗೆ ಆಗ ಎರಡು ವರ್ಷ. ಮೂಗು ಸೋರಲು ಶುರುವಾಯಿತು, ಮರುದಿನ ಕೆಮ್ಮು, ರಾತ್ರಿ ಜ್ವರ. ಮೊಹಲ್ಲಾದ ಹೆಣ್ಣುಮಕ್ಕಳು ಕಷಾಯದ ಹದ ಕೇಳಲು ನನ್ನ ಬಳಿಗೇ ಬರುತ್ತಿದ್ದ ಕಾಲವದು. ನನಗೆ ಅದರದ್ದೊಂದು ಸಣ್ಣ ಹೆಮ್ಮೆಯೂ ಇತ್ತು. ದೊಡ್ಡಪತ್ರೆಯ ರಸಕ್ಕೆ ಜೇನು ಸೇರಿಸಿ ಕೊಟ್ಟೆ. ಕಲೋಂಜಿ ಎಣ್ಣೆಯನ್ನು ಎದೆಗೆ ಸವರಿದೆ. ಅತ್ತೆಯೂ, “ಶೀತ ಅಲ್ವಾ, ಮೂರು ದಿನದಲ್ಲಿ ಹೋಗ್ತದೆ” ಎಂದರು. ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಮಗು ಅಳುವುದನ್ನೂ ನಿಲ್ಲಿಸಿ ಹೆಗಲ ಮೇಲೆ ಸುಮ್ಮನೆ ಮಲಗಿತು. ಗುಣವಾಗುತ್ತಿದೆ ಎಂದೇ ನಾನು ತಿಳಿದೆ.

ಅದೇ ಮಧ್ಯಾಹ್ನ ನಮ್ಮ ಊರಿನ ಆಶಾ ಕಾರ್ಯಕರ್ತೆ ಪಕ್ಕದ ಮನೆಯ ಗರ್ಭಿಣಿಯನ್ನು ನೋಡಲು ಬಂದವಳು ನಮ್ಮ ಜಗಲಿಗೂ ಬಂದಳು. ಮಗುವನ್ನು ನೋಡಿದವಳೇ, “ಟೀಚರೇ, ಇವನ ಅಂಗಿ ಎತ್ತಿ ನೋಡಿದ್ರಾ?” ಎಂದು ಕೇಳಿದಳು. ನಾನು ನೋಡಿರಲಿಲ್ಲ. ಚಳಿ ಎಂದು ಎರಡು ಸ್ವೆಟರ್ ಹಾಕಿ ಮುಚ್ಚಿಟ್ಟಿದ್ದೆ. ಅವಳೇ ಬಟ್ಟೆ ಎತ್ತಿದಳು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗಿನ ಭಾಗ ಒಳಕ್ಕೆ ಸೆಳೆಯುತ್ತಿತ್ತು. ಗಡಿಯಾರ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿದಳು. ಐವತ್ತು ದಾಟಿತ್ತು. “ಇದು ಶೀತ ಅಲ್ಲ, ಈಗಲೇ ಹೊರಡಿ” ಎಂದಳು.

ನ್ಯುಮೋನಿಯಾ. ಐದು ದಿನ ಆಸ್ಪತ್ರೆಯಲ್ಲಿದ್ದೆವು. ಅಲ್ಲಾಹನ ಕೃಪೆಯಿಂದ ಮಗು ಉಳಿಯಿತು, ಈಗ ನನಗಿಂತ ಎತ್ತರಕ್ಕೆ ಬೆಳೆದಿದ್ದಾನೆ. ಬಿಡುಗಡೆಯ ದಿನ ನಾನು ಅಳುತ್ತಾ ಕಷಾಯದ ಕಥೆ ಹೇಳಿದಾಗ ವೈದ್ಯರು ಬೈಯಲಿಲ್ಲ. “ಕಷಾಯ ಕೊಟ್ಟದ್ದು ತಪ್ಪಲ್ಲಮ್ಮ. ಅದನ್ನು ಕೊಟ್ಟಾಯಿತು ಎಂದು ಮಗುವನ್ನು ನೋಡುವುದನ್ನು ಬಿಟ್ಟಿರಲ್ಲ, ಅದು ತಪ್ಪು” ಎಂದರು. ಆ ಮಾತು ಇಂದಿಗೂ ಕಿವಿಯಲ್ಲಿದೆ.

ಕೇಳುವುದೂ ಮದ್ದೇ

ಅಬೂದಾವೂದ್ ಗ್ರಂಥದಲ್ಲಿ ಒಂದು ಘಟನೆ ವರದಿಯಾಗಿದೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಮಾಡಬಹುದೇ ಎಂದು ಜೊತೆಗಾರರಲ್ಲಿ ವಿಚಾರಿಸಿದರು. ನೀರಿರುವಾಗ ರಿಯಾಯಿತಿ ಇಲ್ಲವೆಂದರು ಅವರು. ಆ ವ್ಯಕ್ತಿ ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಬಹಳ ಸಿಟ್ಟಾದರು. ಗೊತ್ತಿಲ್ಲದಿದ್ದ ಮೇಲೆ ಅವರೇಕೆ ಕೇಳಲಿಲ್ಲ, ಅಜ್ಞಾನಕ್ಕೆ ಮದ್ದು ಕೇಳಿ ತಿಳಿಯುವುದಲ್ಲವೇ ಎಂಬರ್ಥದ ಮಾತನ್ನು ಹೇಳಿದರು. ಮದ್ರಸದಲ್ಲಿ ಈ ಪಾಠವನ್ನು ಎಷ್ಟೋ ಸಲ ಮಾಡಿದ್ದವಳು ನಾನು. ನನ್ನ ಮಗುವಿನ ವಿಷಯದಲ್ಲಿ ಮಾತ್ರ ನಾನೇ ಕೇಳಲಿಲ್ಲ.

ಚಿಕಿತ್ಸೆ ಪಡೆಯಬಹುದೇ ಎಂದು ಗ್ರಾಮೀಣ ಅರಬರು ಕೇಳಿದಾಗ, ಪಡೆಯಿರಿ ಎಂದೇ ಪ್ರವಾದಿವರ್ಯರು(ಸ) ಹೇಳಿದರು. ಹಾಗಿರುವಾಗ “ಕಲೋಂಜಿ ಇದೆ, ಜೇನು ಇದೆ, ಡಾಕ್ಟರೇಕೆ” ಎನ್ನುವುದು ತವಕ್ಕುಲ್ ಆಗುವುದಿಲ್ಲ. ಜೇನನ್ನು ಸೃಷ್ಟಿಸಿದವನೇ ವೈದ್ಯರಿಗೆ ಜ್ಞಾನವನ್ನೂ ಕೊಟ್ಟಿದ್ದಾನೆ.

ಒಂದು ನಿಮಿಷ ಎಣಿಸಿ

ಸಹೋದರಿಯರೇ, ಕೆಮ್ಮುವ ಮಗು ಮನೆಯಲ್ಲಿದ್ದರೆ ಅದು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಗಡಿಯಾರ ಮುಂದಿಟ್ಟುಕೊಂಡು, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕವಿದು. ಅಂಥ ಮಗುವನ್ನು ಅಂದೇ ವೈದ್ಯರಿಗೆ ತೋರಿಸಬೇಕು.

ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಹೋದರೆ, ಮಗು ಹಾಲು ಅಥವಾ ನೀರು ಕುಡಿಯಲಾರದಿದ್ದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ ಒಂದು ಗಳಿಗೆಯೂ ಕಾಯಬೇಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ, ಮೈ ತಣ್ಣಗಾದರೂ ಮನೆಮದ್ದಿನ ಮಾತೇ ಬೇಡ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ 2021ರಿಂದ ದೇಶದಾದ್ಯಂತ ಸರಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಉಚಿತವಾಗಿ ಸೇರಿದೆ. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು, ಹೀಗೆ ಮೂರು ಸಲ. ನಿಮ್ಮ ಮಗುವಿನ ತಾಯಿ ಕಾರ್ಡನ್ನು ಇಂದೇ ತೆಗೆದು ನೋಡಿ.

ಬೇಡವಾದ ನಾಲ್ಕು ಅಭ್ಯಾಸಗಳು

ಒಂದು, ವರ್ಷ ತುಂಬದ ಮಗುವಿಗೆ ಜೇನು. ಹುಟ್ಟಿದ ಕೂಡಲೇ ನಾಲಿಗೆಗೆ ಜೇನು ಮುಟ್ಟಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬಗೆಯ ಸೂಕ್ಷ್ಮ ಜೀವಿಯ ಬೀಜಕಣಗಳು ನಮಗೇನೂ ಮಾಡವು. ಆದರೆ ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಿ ಮಗುವಿನ ಸ್ನಾಯುಗಳನ್ನು ಸೋಲಿಸಬಲ್ಲವು. ಜೇನಿನ ಶುದ್ಧತೆಗೂ ಇದಕ್ಕೂ ಸಂಬಂಧವಿಲ್ಲ. ತಹ್ನೀಕ್‌ನ ಪ್ರಸಿದ್ಧ ಹದೀಸ್‌ಗಳಲ್ಲಿ ಬರುವುದು ಖರ್ಜೂರ. ಅದನ್ನು ಮಾಡುವಾಗಲೂ ಶುಚಿತ್ವದ ಬಗ್ಗೆ ವೈದ್ಯರಲ್ಲಿ ಕೇಳಿಕೊಳ್ಳಿ. ವರ್ಷ ದಾಟಿದ ಮಕ್ಕಳಿಗೆ ಕೆಮ್ಮು ಬಂದಾಗ ರಾತ್ರಿ ಅರ್ಧ ಚಮಚ ಜೇನು ಗಂಟಲಿಗೆ ಹಿತ.

ಎರಡು, ಮುಚ್ಚಿದ ಕೋಣೆಯಲ್ಲಿ ಕೆಂಡ. ಬಾಣಂತಿಗೆ ಚಳಿಯಾಗದಿರಲೆಂದು ಕಿಟಕಿ ಬಾಗಿಲು ಮುಚ್ಚಿ ಇದ್ದಿಲಿನ ಅಗ್ಗಿಷ್ಟಿಕೆ ಇಡುತ್ತಾರೆ. ಉರಿಯುವ ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ತೀರಿಕೊಳ್ಳುತ್ತಾರೆ. ಕೋಣೆಯನ್ನು ಬೆಚ್ಚಗಿಡಲು ದಪ್ಪ ಪರದೆ, ಕೌದಿ, ಟೊಪ್ಪಿ, ಕಾಲುಚೀಲ ಸಾಕು. ಮಗುವಿಗೆ ಎಲ್ಲಕ್ಕಿಂತ ಬೆಚ್ಚನೆಯ ಜಾಗ ತಾಯಿಯ ಎದೆ. ಲೋಬಾನದ ಹೊಗೆಯನ್ನೂ ಕೂಸಿನ ಮುಖಕ್ಕೆ ಹಿಡಿಯಬೇಡಿ. ಹೊಗೆ ಯಾವುದೇ ಇರಲಿ, ಎಳೆಯ ಶ್ವಾಸಕೋಶಕ್ಕೆ ಅದು ಹಾನಿಯೇ.

ಮೂರು, ಮಕ್ಕಳಿಗೆ ಪಾತ್ರೆಯ ಹಬೆ. ಕುದಿಯುವ ನೀರು ಮೈಮೇಲೆ ಚೆಲ್ಲಿಕೊಂಡು ಸುಟ್ಟುಕೊಂಡರೆ ಶೀತಕ್ಕಿಂತ ದೊಡ್ಡ ಸಂಕಟ. ಎರಡು ವರ್ಷದೊಳಗಿನವರಿಗೆ ಕರ್ಪೂರವಿರುವ ಮುಲಾಮು ಹಚ್ಚಬೇಡಿ. ಮೂಗು ಕಟ್ಟಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು. ಮೂಗಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು.

ನಾಲ್ಕು, ದೊಡ್ಡವರ ಮಾತ್ರೆ ನಿಲ್ಲಿಸುವುದು. ಚಳಿಗೆ ರಕ್ತನಾಳ ಸಂಕುಚಿತವಾಗಿ ರಕ್ತದೊತ್ತಡ ಏರುತ್ತದೆ. ಹೃದಯಾಘಾತಗಳೂ ಚಳಿಗಾಲದಲ್ಲಿ ಹೆಚ್ಚು. “ಕಷಾಯ ಕುಡೀತಿದ್ದೇನಲ್ಲ” ಎಂದು ಬಿಪಿ ಮಾತ್ರೆ ಬಿಡಬಾರದು. ಜ್ಯೇಷ್ಠಮಧುವನ್ನು ದಿನವೂ ಸೇವಿಸಿದರೆ ರಕ್ತದೊತ್ತಡ ಏರಬಹುದು. ಬೆಲ್ಲ, ಜೇನು ನೈಸರ್ಗಿಕವಾದರೂ ಸಕ್ಕರೆ ಕಾಯಿಲೆಯವರಿಗೆ ಅವೂ ಸಕ್ಕರೆಯೇ. ಎದೆನೋವು ಬಂದರೆ ಗ್ಯಾಸ್ ಎಂದು ಜೀರಿಗೆ ನೀರು ಕುದಿಸುತ್ತಾ ಕೂರಬೇಡಿ.

ಮಾಡಬೇಕಾದ್ದು ಬಹಳಷ್ಟಿದೆ

ಇಷ್ಟೆಲ್ಲ ಓದಿ ಅಡುಗೆಮನೆಯ ಮೇಲೆ ಬೇಸರ ಪಡಬೇಡಿ. ನಾನು ಈಗಲೂ ನವೆಂಬರ್‌ನಲ್ಲಿ ಒಂದು ಡಬ್ಬ ಕಷಾಯದ ಪುಡಿ ಮಾಡಿಡುತ್ತೇನೆ. ನಾಲ್ಕು ಪಾಲು ಕೊತ್ತಂಬರಿ ಬೀಜ, ಎರಡು ಪಾಲು ಜೀರಿಗೆ, ಅರ್ಧ ಪಾಲು ಕರಿಮೆಣಸು, ಒಂದು ತುಂಡು ಒಣಶುಂಠಿ. ಇವನ್ನು ಬೇರೆ ಬೇರೆಯಾಗಿ ಘಮ್ಮೆನ್ನುವವರೆಗೆ ಹುರಿದು ಪುಡಿ ಮಾಡಬೇಕು. ಎರಡು ಲೋಟ ನೀರಿಗೆ ಒಂದು ಚಮಚ ಪುಡಿ, ಸ್ವಲ್ಪ ಬೆಲ್ಲ ಹಾಕಿ ಕುದಿಸಿ, ಬೇಕಿದ್ದರೆ ಹಾಲು ಸೇರಿಸಿ. ಇದು ರೋಗವನ್ನು ಓಡಿಸುವ ಮಂತ್ರವಲ್ಲ. ಗಂಟಲಿಗೆ ಹಿತ, ಹೊಟ್ಟೆಗೆ ಬೆಚ್ಚಗೆ. ಮಗ್ರಿಬ್ ನಂತರ ಎಲ್ಲರೂ ಒಟ್ಟಿಗೆ ಕೂತು ಕುಡಿಯುವ ಆ ಹತ್ತು ನಿಮಿಷ ಮನೆಗೇ ಒಂದು ಔಷಧಿ.

ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ. ಅದಕ್ಕೆ ಉಗುರುಬೆಚ್ಚಗಿನ ನೀರಿನ ಪಾತ್ರೆ ಎಲ್ಲರ ಕಣ್ಣಿಗೆ ಬೀಳುವಲ್ಲಿರಲಿ. ರಾತ್ರಿಗೆ ಹುರುಳಿ ಸಾರು, ಮೆಂತೆ ಗಂಜಿ, ಕೋಳಿಯ ಮೆಣಸಿನ ಸಾರು ಮಾಡಿ. ಮಕ್ಕಳ ಕೈಗೆ ಬಿಸ್ಕತ್ತಿನ ಬದಲು ನೆಲ್ಲಿಕಾಯಿ, ಕಿತ್ತಳೆ ಕೊಡಿ. ದಿನಕ್ಕೆ ಐದು ಸಲ ವುಝೂ ಮಾಡುವ ಕೈಕಾಲು ಚಳಿಗೆ ಬೇಗ ಒಡೆಯುತ್ತವೆ. ಪ್ರತಿ ಸಲ ಒರೆಸಿಕೊಳ್ಳಿ, ರಾತ್ರಿ ಮಲಗುವ ಮುಂಚೆ ಹಿಮ್ಮಡಿಗೆ ತೆಂಗಿನೆಣ್ಣೆ ಸವರಿ ಕಾಲುಚೀಲ ಹಾಕಿ.

ಮನೆಯ ಹಿರಿಯರಿಗೆ ಫಜ್ರ್‌ನ ಹೊತ್ತಿಗೆ ಒಂದು ಚೊಂಬು ಬಿಸಿನೀರು ಸಿದ್ಧವಿರಲಿ. ಅದು ಸೊಸೆಯ ಕೆಲಸವೆಂದು ಗಂಡುಮಕ್ಕಳು ಮಲಗಿರಬೇಕಿಲ್ಲ. ಹಂಡೆಗೆ ಬೆಂಕಿ ಹಾಕಿದ ಮೊಮ್ಮಗನಿಗೂ ಅದರ ಪ್ರತಿಫಲ ಇದೆ. ಒಂದು ದಂಡಯಾತ್ರೆಯಲ್ಲಿ ಕೊರೆಯುವ ಚಳಿಯ ರಾತ್ರಿ ಅಮ್ರ್ ಬಿನ್ ಆಸ್(ರ) ಸ್ನಾನ ಮಾಡಿದರೆ ಪ್ರಾಣಕ್ಕೇ ಅಪಾಯವೆಂದು ಹೆದರಿ ತಯಮ್ಮುಮ್ ಮಾಡಿ ನಮಾಝ್ ನಿರ್ವಹಿಸಿದರು. ನಿಮ್ಮನ್ನು ನೀವೇ ಕೊಂದುಕೊಳ್ಳಬೇಡಿ ಎಂಬ ಆದೇಶವನ್ನು ಅವರು ಕಾರಣವಾಗಿ ಹೇಳಿದಾಗ ಪ್ರವಾದಿವರ್ಯರು(ಸ) ನಕ್ಕರು, ಆಕ್ಷೇಪಿಸಲಿಲ್ಲ. ಕಾಯಿಲೆಯವರಿಗೆ ನೀರು ನಿಜಕ್ಕೂ ಹಾನಿಯಾಗುವಂತಿದ್ದರೆ ತಿಳಿದವರನ್ನು ಕೇಳಿ. ದೀನ್ ನಮ್ಮನ್ನು ಕಷ್ಟಕ್ಕೆ ತಳ್ಳಲು ಬಂದದ್ದಲ್ಲ.

ಬೆಳಗ್ಗೆ ಆರೂವರೆಯ ಮದ್ರಸಕ್ಕೆ ಬರುವ ನನ್ನ ಮಕ್ಕಳಲ್ಲಿ ಕೆಲವರು ಒದ್ದೆ ತಲೆಯಲ್ಲಿ, ತೆಳು ಅಂಗಿಯಲ್ಲಿ ಬಂದು ಕೂರುತ್ತಾರೆ. ಕಾಫಿ ಕೊಯ್ಲಿನ ಈ ತಿಂಗಳುಗಳಲ್ಲಿ ತೋಟದ ಲೈನ್ ಮನೆಗಳಿಗೆ ದೂರದ ರಾಜ್ಯಗಳಿಂದ ಕುಟುಂಬಗಳು ಬಂದಿರುತ್ತವೆ. ಅವರ ಮಕ್ಕಳ ಮೈಮೇಲೆ ಎಷ್ಟೋ ಸಲ ಅಷ್ಟೂ ಇರುವುದಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ಚಿಕ್ಕದಾದ ಸ್ವೆಟರುಗಳಿವೆ. ಒಗೆದು, ಗುಂಡಿ ಹೊಲಿದು ಕೊಟ್ಟು ಬನ್ನಿ. ಕೊಡುವಾಗ ಆ ಮನೆಯ ಮಗು ಕೆಮ್ಮುತ್ತಿದ್ದರೆ ಎರಡು ನಿಮಿಷ ಕೂತು ಅದರ ಉಸಿರನ್ನು ನೋಡಿ.

ಅಂದು ಜಗಲಿಗೆ ಬಂದವಳು ನಮ್ಮ ಬಂಧುವೂ ಅಲ್ಲ, ನಮ್ಮ ಸಮುದಾಯದವಳೂ ಅಲ್ಲ. ತನ್ನ ದಾರಿಗೆ ತಾನು ಹೋಗಬಹುದಿತ್ತು. ಪ್ರತಿ ಚಳಿಗಾಲ ಕಷಾಯ ಕುದಿಸುವಾಗ ಅವಳಿಗಾಗಿ ದುಆ ಮಾಡುತ್ತೇನೆ. ಅಲ್ಲಾಹನು ನಮ್ಮ ಮನೆಗಳನ್ನು ಬೆಚ್ಚಗಿಡಲಿ, ನಮ್ಮ ಮಕ್ಕಳನ್ನೂ ನೆರೆಯ ಮಕ್ಕಳನ್ನೂ ಕಾಪಾಡಲಿ, ಆಮೀನ್.