ತೋರಿಸುವ ಊರು, ಬಳಸುವ ಊರು

ಮೈಸೂರಿನವರಾದ ನಮಗೆ ಒಂದು ಅಭ್ಯಾಸವುಂಟು. ನೆಂಟರು ಬಂದರೆಂದರೆ ಸಾಕು, ಊರನ್ನು ತೋರಿಸುವ ಉತ್ಸಾಹ ಉಕ್ಕಿ ಬರುತ್ತದೆ. ಬೆಳಗ್ಗೆ ಚಾಮುಂಡಿ ಬೆಟ್ಟ, ದೊಡ್ಡದೇವರಾಜ ಒಡೆಯರ ಕಾಲದ ನಂದಿ, ಮಧ್ಯಾಹ್ನ ಅರಮನೆ, ಮರುದಿನ ಬಿಡುವಿದ್ದರೆ ಶ್ರೀರಂಗಪಟ್ಟಣ, ರಂಗನತಿಟ್ಟು, ಸೋಮನಾಥಪುರ. ಈ ಅಭಿಮಾನ ನನ್ನಲ್ಲಿಯೂ ಧಾರಾಳವಾಗಿದೆ. ಆದರೆ ತೋರಿಸುವ ಊರನ್ನು ಪ್ರೀತಿಸುವಷ್ಟು, ನಿತ್ಯ ಬಳಸುವ ಊರನ್ನು ನಾವು ಪ್ರೀತಿಸುತ್ತೇವೆಯೆ?

ಲ್ಯಾನ್ಸ್‌ಡೌನ್ ಕಟ್ಟಡವನ್ನೇ ನೋಡಿ. ವೈಸರಾಯ್ ಲ್ಯಾನ್ಸ್‌ಡೌನರ ಭೇಟಿಯ ಸ್ಮರಣೆಗಾಗಿ 1892ರಲ್ಲಿ ಎದ್ದ ಈ ಕಟ್ಟಡವನ್ನು ನೆಂಟರಿಗೆ ತೋರಿಸುವವರು ವಿರಳ. ಆದರೂ ಅದರ ಅಂಗಡಿಸಾಲಿನಲ್ಲಿ ಹಳೆಯ ಪುಸ್ತಕಗಳನ್ನು ಅಗ್ಗಕ್ಕೆ ಕೊಂಡು ವಿದ್ಯಾವಂತರಾದವರು ಎಷ್ಟು ಮಂದಿಯೊ! 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ತೆತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಉರುಳಿತು. ಎರಡೂ ಮಳೆಗಾಲದ ಆಗಸ್ಟ್ ತಿಂಗಳಿನಲ್ಲಿಯೇ.

ಗಾರೆಯ ಕಟ್ಟಡ ಒಂದು ದಿನದಲ್ಲಿ ಹಳತಾಗಿ ಬೀಳುವುದಿಲ್ಲ. ಮಾಳಿಗೆಯ ಮೇಲೆ ನೀರು ನಿಲ್ಲುತ್ತದೆ. ಹಕ್ಕಿ ಉದುರಿಸಿದ ಅರಳಿಯ ಬೀಜ ಬಿರುಕಿನಲ್ಲಿ ಮೊಳೆಯುತ್ತದೆ. ಬೇರು ಇಳಿದಂತೆಲ್ಲ ಬಿರುಕು ಅಗಲವಾಗುತ್ತದೆ. ಒಳಗೆ ತೊಲೆ ಕೊಳೆಯುತ್ತದೆ. ಸಸಿಯನ್ನು ಎರಡು ಬೆರಳಿನಿಂದ ಕೀಳಬಹುದಾದ ಕಾಲದಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಬಿದ್ದ ಮೇಲೆ, ಉಳಿಸಬೇಕೆ ಕೆಡವಬೇಕೆ ಎಂದು ವರ್ಷಗಟ್ಟಲೆ ವಾದ.

ಅಪಾಯದ ಗೋಡೆಯನ್ನು ಕೆಡವಿ ಹೊಸದನ್ನು ಕಟ್ಟಿದರಾಯಿತು ಎನ್ನುವವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮನುಷ್ಯರ ಜೀವಕ್ಕಿಂತ ಗೋಡೆ ದೊಡ್ಡದಲ್ಲ. ಆದರೆ ಅಪಾಯವನ್ನು ತಂದದ್ದು ಮುಪ್ಪೆ, ಅಲಕ್ಷ್ಯವೆ? 1912ರಲ್ಲಿ ಮುಗಿದ ಅರಮನೆ ಲ್ಯಾನ್ಸ್‌ಡೌನ್ ಕಟ್ಟಡಕ್ಕಿಂತ ಇಪ್ಪತ್ತೇ ವರ್ಷ ಕಿರಿಯದು. ಅದು ಇಂದಿಗೂ ಬೆಳಗುತ್ತಿದೆ. 1258ರ ಸೋಮನಾಥಪುರದ ಗುಡಿ ಪೂಜೆಯಿಲ್ಲದೆಯೂ ನಿಂತಿದೆ. ಅದನ್ನು ನೋಡಿಕೊಳ್ಳಲು ಒಂದು ಇಲಾಖೆಯೇ ಉಂಟು. ಬಳಸುವ ಕಟ್ಟಡಕ್ಕಾದರೋ ಸಾವಿರ ಬಳಕೆದಾರರಿದ್ದೂ ಕಾಳಜಿಯ ಕಣ್ಣೊಂದು ಇಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಅರಿಕೆ. ವಿದ್ಯಾರ್ಥಿಗಳನ್ನು ಸೋಮನಾಥಪುರಕ್ಕೆ ಅವಶ್ಯವಾಗಿ ಕರೆದೊಯ್ಯೋಣ. ಅದರೊಡನೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಊರೊಳಗಿನ ಹಳೆಯ ಕಟ್ಟಡಗಳ ಎದುರಿಗೂ ನಿಲ್ಲಿಸೋಣ. ಎಲ್ಲಿ ಸಸಿ ಮೊಳೆತಿದೆ, ಎಲ್ಲಿ ನೀರು ಇಳಿದಿದೆ ಎಂದು ಗುರುತಿಸಿ, ಅವರ ಕೈಯಿಂದಲೇ ಪಾಲಿಕೆಗೆ ಒಂದು ಪತ್ರ ಬರೆಸೋಣ. ಉತ್ತರ ಬಾರದಿದ್ದರೆ ಮತ್ತೊಂದು. ಊರಿನ ಮೇಲಣ ಪ್ರೀತಿಗೆ ಇದಕ್ಕಿಂತ ಒಳ್ಳೆಯ ಪ್ರಬಂಧ ಬೇರೊಂದಿರಲಾರದು.